ಗ್ರೀಕ್ ವೈದ್ಯ ಬೆರಗಾದ ನಮ್ಮ ಗಿಳಿ

ಕಳೆದ ವರ್ಷ ಸುದ್ದಿ ಹುಡುಕಿಕೊಂಡು ಒಂದು ಸಂತೆಗೆ ಹೋಗಿದ್ದೆವು. ಮೂಲೆಯಲ್ಲಿ ಗೋಣಿಚೀಲ ಮುಚ್ಚಿದ ಪಂಜರ, ಒಳಗೆ ಎರಡು ಗಿಳಿ. ಒಂದರ ತಲೆ ಗುಲಾಬಿಗೆ ನೇರಳೆ ಕಲಸಿದಂತೆ, ಇನ್ನೊಂದರದು ಬೂದು. ‘ಬಣ್ಣದ್ದಕ್ಕೆ ರೇಟು ಜಾಸ್ತಿ, ಅದು ಬೇರೆ ಜಾತಿ’ ಎಂದ ಮಾರುವವ. ಬೇರೆ ಜಾತಿಯೇನಲ್ಲ. ಎರಡೂ ಕೆಂದಲೆ ಗಿಳಿಗಳೇ. ಗಂಡಿಗೆ ಮಾತ್ರ ಆ ತಲೆ, ಗದ್ದದಿಂದ ಕತ್ತಿನವರೆಗೆ ಕರಿ ಪಟ್ಟಿ. ಬೂದು ತಲೆಯದು ಹೆಣ್ಣು.

ಈ ಹಕ್ಕಿ ಭಾರತ ಉಪಖಂಡದ ಕಾಡಿನದು. ನಮ್ಮ ಕುರುಚಲು ಕಾಡು, ಹೊಲದಂಚಿನ ಮರಗಳಲ್ಲೂ ಇದೆ. ಜೋಳದ ತೆನೆಗೆ ಬಿದ್ದರೆ ಕವಣೆ ಬೀಸಿ ಓಡಿಸುತ್ತೇವೆ, ಆ ಜಗಳ ಬೇರೆ.

ಸುಮಾರು 2,400 ವರ್ಷಗಳ ಹಿಂದೆ ಪರ್ಷಿಯಾ ದೊರೆಯ ಆಸ್ಥಾನದಲ್ಲಿ ಕ್ಟೀಸಿಯಸ್ ಎಂಬ ಗ್ರೀಕ್ ವೈದ್ಯನಿದ್ದ. ಭಾರತಕ್ಕೆ ಬಂದವನಲ್ಲ, ಆದರೂ ಭಾರತದ ಬಗ್ಗೆ ಪುಸ್ತಕ ಬರೆದ. ಅದರಲ್ಲಿ ವಿಚಿತ್ರ ಪ್ರಾಣಿಗಳ ಕಥೆ ಬೇಕಾದಷ್ಟಿವೆ, ಎಲ್ಲವನ್ನೂ ನಂಬುವಂತಿಲ್ಲ. ಆದರೆ ಒಂದು ಹಕ್ಕಿಯ ವರ್ಣನೆ ಮಾತ್ರ ಕಣ್ಣಾರೆ ಕಂಡಂತಿದೆ: ಕೆನ್ನೇರಳೆ ಮುಖ, ಕರಿ ಗಡ್ಡ, ಕತ್ತಿನವರೆಗೆ ನೀಲಿ. ಮನುಷ್ಯರಂತೆ ‘ಭಾರತದ ಭಾಷೆ’ ಆಡುತ್ತದೆ, ಕಲಿಸಿದರೆ ಗ್ರೀಕೂ ಆಡುತ್ತದಂತೆ. ಯಾವ ಭಾಷೆ ಎಂದು ಬರೆದಿದ್ದರೆ ನಮಗೆಷ್ಟು ಖುಷಿಯಾಗುತ್ತಿತ್ತು! ಅದು ಕೆಂದಲೆ ಗಿಳಿಯೇ ಇರಬೇಕು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಮಾತಾಡುವ ಹಕ್ಕಿ ಎಂಬ ಹೆಸರು ಬಂದದ್ದೇ ಗಿಳಿಗಳಿಗೆ ಮುಳುವಾಯಿತು. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಭಾರತದಿಂದ ಬರುವ ಇನ್ನೊಂದು ಗಿಳಿಯ ವಿಷಯ ಬರೆದಿದ್ದಾನೆ, ಹಸಿರು ಮೈ, ಕತ್ತಿಗೆ ಕೆಂಪು ಉಂಗುರದ್ದು. ಅದರ ತಲೆ ಕೊಕ್ಕಿನಷ್ಟೇ ಗಟ್ಟಿ, ಮಾತು ಕಲಿಸುವಾಗ ಕಬ್ಬಿಣದ ಸಲಾಕೆಯಿಂದ ಹೊಡೆಯಬೇಕು, ಇಲ್ಲದಿದ್ದರೆ ಏಟು ತಾಗುವುದೇ ಇಲ್ಲ ಎನ್ನುತ್ತಾನೆ! ಓದಿದಾಗ ನಮಗೆ ಪಡಸಾಲೆಯಲ್ಲಿ ತೂಗುವ ಪಂಜರಗಳು ನೆನಪಾದವು.

1990-91ರಲ್ಲಿ ಕಾಡುಹಕ್ಕಿಗಳ ರಫ್ತು ನಿಷೇಧವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಂದು ನಮ್ಮ ನೆಲದ ಯಾವ ಗಿಳಿಯನ್ನೂ ಹಿಡಿಯುವಂತಿಲ್ಲ, ಮಾರುವಂತಿಲ್ಲ, ಮನೆಯಲ್ಲಿ ಸಾಕುವಂತಿಲ್ಲ. ಅಜ್ಜಿ ಪ್ರೀತಿಯಿಂದ ಸಾಕಿದ್ದು ಎಂದರೂ ಕಾನೂನು ಕೇಳದು. ಇದು ಊರಲ್ಲಿ ಎಷ್ಟು ಜನಕ್ಕೆ ಗೊತ್ತು?

ಸಂತೆಯಲ್ಲಿ ಇದನ್ನೇ ಆತನಿಗೆ ಹೇಳಿದೆವು. ‘ಯಾರೂ ಕೇಳಲ್ಲ ಬಿಡಿ ಸರ್’ ಎಂದ. ನಾವು ಜೇಬಿನಿಂದ ಫೋನ್ ತೆಗೆದದ್ದೇ ತಡ, ಪಂಜರ ಎತ್ತಿಕೊಂಡು ಜನರ ನಡುವೆ ಮರೆಯಾದ.