ಎಣ್ಣೆ ತುಂಬಿದ ಪಾತ್ರೆ

ಬಸುರಿನ ಮೊದಲ ತಿಂಗಳುಗಳಲ್ಲಿ ರಕ್ತ ಕಾಣಿಸಿಕೊಂಡಾಗ ಮನೆಯನ್ನು ಆವರಿಸುವ ಭಯಕ್ಕೆ ದೀರ್ಘ ಇತಿಹಾಸವಿದೆ. ಸುಶ್ರುತಸಂಹಿತೆ ನಾಲ್ಕನೆಯ ತಿಂಗಳವರೆಗಿನ ಗರ್ಭನಷ್ಟವನ್ನು ಸ್ರಾವವೆಂದೂ, ಐದು ಆರನೆಯ ತಿಂಗಳಿನದನ್ನು ಪಾತವೆಂದೂ ವಿಂಗಡಿಸಿತು. ಗರ್ಭಿಣಿಯನ್ನು ಎಣ್ಣೆ ತುಂಬಿದ ಪಾತ್ರೆಯಂತೆ ಕಾಪಾಡಬೇಕೆಂಬ ಹೋಲಿಕೆ ಚರಕಸಂಹಿತೆಯದು. ಹೋಲಿಕೆಯಲ್ಲಿ ವಾತ್ಸಲ್ಯವಿದೆ. ಆದರೆ ಪಾತ್ರೆ ತುಳುಕಿದರೆ ತಪ್ಪು ಯಾರದು? ನಮ್ಮ ಮನೆಗಳು ಅದನ್ನು ಬಹುಕಾಲ ಹೆಣ್ಣಿನ ಮೇಲೆಯೇ ಹೊರಿಸಿದವು: ಕೊಡ ಹೊತ್ತಳು, ಪರಂಗಿಹಣ್ಣು ತಿಂದಳು, ಮೆಟ್ಟಿಲು ಹತ್ತಿದಳು ಎಂದು.

ಭಯವಿದ್ದಲ್ಲಿ ಮದ್ದಿಗೆ ಬೇಡಿಕೆ ಹುಟ್ಟುವುದು ಸಹಜ. 1938ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ ಮತ್ತು ಸಂಗಡಿಗರು ತಯಾರಿಸಿದ ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಹಾರ್ಮೋನನ್ನು ಅಮೆರಿಕದ ವೈದ್ಯರು ಗರ್ಭ ನಿಲ್ಲಿಸಲೆಂದು ಧಾರಾಳವಾಗಿ ಕೊಟ್ಟರು. ಅದರಿಂದ ಪ್ರಯೋಜನವಿಲ್ಲವೆಂದು 1953ರಲ್ಲಿಯೇ ಶಿಕಾಗೋದ ಪರೀಕ್ಷೆ ತೋರಿಸಿತು. ಆದರೂ ಬಳಕೆ ನಿಲ್ಲಲಿಲ್ಲ. 1971ರಲ್ಲಿ, ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಕಂಡ ಮೇಲೆಯೇ ಲೋಕ ಎಚ್ಚೆತ್ತಿತು.

ಇತ್ತ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ತೆರೆದದ್ದು 1935ರಲ್ಲಿ. ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಇಂದು ತಿಲಕ್ ನಗರದ ಹೆಣ್ಣಿಗೆ ಜಯನಗರದ ಸಾರ್ವಜನಿಕ ಆಸ್ಪತ್ರೆ ಕೂಗಳತೆಯಲ್ಲಿದೆ. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಪ್ರಕಟಿಸಿದ ಶ್ರವಣಾತೀತ ಧ್ವನಿಯ ವಿಧಾನವೇ ಇಂದಿನ ಸ್ಕ್ಯಾನಿನ ಮೂಲ. ಊಹೆಯಿದ್ದ ಕಡೆ ಈಗ ಭ್ರೂಣದ ಹೃದಯದ ಮಿಡಿತವೇ ಕಾಣುತ್ತದೆ.

ಇಷ್ಟರಿಂದ ತಿಳಿದದ್ದೇನು? ಸುಮಾರು ನಾಲ್ವರು ಗರ್ಭಿಣಿಯರಲ್ಲಿ ಒಬ್ಬರಿಗೆ ಮೊದಲ ತಿಂಗಳುಗಳಲ್ಲಿ ರಕ್ತ ಕಾಣುತ್ತದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಗರ್ಭ ಉಳಿಯುತ್ತದೆ. ಉಳಿಯದ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ವರ್ಣತಂತುಗಳ ದೋಷ. ಕೊಡವೂ ಅಲ್ಲ, ಮೆಟ್ಟಿಲೂ ಅಲ್ಲ. ಹಾಸಿಗೆ ಹಿಡಿದು ಮಲಗಿದರೆ ಗರ್ಭ ನಿಲ್ಲುತ್ತದೆ ಎಂಬುದಕ್ಕೂ ಆಧಾರ ದೊರೆತಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆ ಗರ್ಭನಷ್ಟಕ್ಕೆ ಆರು ವಾರಗಳ ವೇತನಸಹಿತ ರಜೆ ಕೊಟ್ಟಿತು. ಪರರ ಮನೆಯ ಪಾತ್ರೆ ತೊಳೆಯುವವಳಿಗೆ ಅದು ತಲುಪಲಿಲ್ಲ. ಅವಳಿಗೆ ವಿಶ್ರಾಂತಿಯೂ ಇಲ್ಲ, ನಿಂದೆ ಮಾತ್ರ ಉಂಟು.

ಹಾಗೆಂದು ರಕ್ತವನ್ನು ಅಲಕ್ಷಿಸಲಾಗದು. ಗರ್ಭನಾಳದಲ್ಲಿ ಬೆಳೆದ ಗರ್ಭ ಒಡೆದರೆ ಪ್ರಾಣಕ್ಕೇ ಅಪಾಯ. ಅದನ್ನು ಶಸ್ತ್ರಚಿಕಿತ್ಸೆಯಿಂದ ಗೆಲ್ಲಬಹುದೆಂದು ಬರ್ಮಿಂಗ್ಹ್ಯಾಮಿನ ಲಾಸನ್ ಟೇಟ್ 1883ರಲ್ಲಿ ತೋರಿಸಿದ. ಆದುದರಿಂದ ರಕ್ತ ಕಂಡವರು ವೈದ್ಯರನ್ನು ಕಾಣಲೇಬೇಕು. ಹೊಟ್ಟೆಯ ಒಂದು ಪಕ್ಕದ ತೀವ್ರ ನೋವು, ತಲೆ ಸುತ್ತು, ಅತಿಯಾದ ಸ್ರಾವ ಇದ್ದರೆ ಬೆಳಗಾಗಲೆಂದು ಕಾಯಬಾರದು. ಜೊತೆಗೆ ಹೋಗುವವರು 'ಏನು ಮಾಡಿಕೊಂಡೆ?' ಎಂದು ಕೇಳದಿದ್ದರೆ, ಇಷ್ಟು ಶತಮಾನಗಳ ಅರಿವು ಮನೆಯೊಳಕ್ಕೂ ಬಂದಂತೆ.