ಕರೆದೊಯ್ಯುವ ಅಧಿಕಾರದಿಂದ ವಿಚಾರಿಸುವ ಹೊಣೆಯವರೆಗೆ: ಇಂಗ್ಲೆಂಡಿನಲ್ಲಿ ವಯಸ್ಕರ ರಕ್ಷಣೆ ಮತ್ತು ಸಮಾಜ ಕಾರ್ಯಕರ್ತರು

ಇಂಗ್ಲೆಂಡಿನಲ್ಲಿ ವಯಸ್ಕರ ರಕ್ಷಣಾ ವ್ಯವಸ್ಥೆ ಬೆಳೆದುಬಂದ ಬಗೆಯನ್ನು ಬರೆಯುವವರು ಸಾಮಾನ್ಯವಾಗಿ 2000ನೇ ಇಸವಿಯಿಂದ ಶುರು ಮಾಡುತ್ತಾರೆ. ಆ ವರ್ಷ ಅಲ್ಲಿನ ಆರೋಗ್ಯ ಇಲಾಖೆ ಮತ್ತು ಗೃಹ ಇಲಾಖೆ ಜೊತೆಗೂಡಿ ‘ನೋ ಸೀಕ್ರೆಟ್ಸ್’ ಎಂಬ ಮಾರ್ಗಸೂಚಿ ಹೊರಡಿಸಿದವು. ವೃದ್ಧರು, ಬುದ್ಧಿಮಾಂದ್ಯರು, ಮಾನಸಿಕ ರೋಗಿಗಳು ಮುಂತಾದವರ ಮೇಲೆ ದೌರ್ಜನ್ಯವಾದಾಗ ಯಾರು ಏನು ಮಾಡಬೇಕೆಂಬುದನ್ನು ಸರ್ಕಾರ ಇಡೀ ದೇಶಕ್ಕೆ ಅನ್ವಯವಾಗುವಂತೆ ಹೇಳಿದ್ದು ಆಗಲೇ. ಮಕ್ಕಳ ರಕ್ಷಣೆಗೆ ಮೊದಲೇ ಇದ್ದ ಏರ್ಪಾಡು ಕೆಲವು ಹಗರಣಗಳ ಒತ್ತಡದಿಂದ ವಯಸ್ಕರಿಗೂ ವಿಸ್ತರಿಸಿತು, ಸಮಾಜ ಕಾರ್ಯಕರ್ತರಿಗೆ ಹೊಸದೊಂದು ಕೆಲಸ ಸೇರಿಕೊಂಡಿತು ಎಂಬುದು ಈ ವಿವರಣೆಯ ತಿರುಳು. ಇದು ಪೂರ್ತಿ ಸುಳ್ಳಲ್ಲ, ಆದರೆ ಮುಖ್ಯವಾದ ಸಂಗತಿಯನ್ನೇ ಮರೆಮಾಡುತ್ತದೆ. ಅಸಹಾಯಕ ವಯಸ್ಕರ ಬದುಕಿನಲ್ಲಿ ಕೈಹಾಕುವ ಅಧಿಕಾರ ಇಂಗ್ಲೆಂಡಿನಲ್ಲಿ ಬಹಳ ಹಿಂದಿನಿಂದಲೂ ಇತ್ತು. ಬಡವರನ್ನು ವರ್ಕ್‌ಹೌಸಿಗೆ (ದುಡಿಸಿಕೊಂಡು ಊಟ, ವಸತಿ ಕೊಡುವ ಗೃಹಕ್ಕೆ) ಸೇರಿಸುವ, ಮನೆಯಿಂದ ಕರೆದೊಯ್ಯುವ, ಆಸ್ಪತ್ರೆಗೆ ದಾಖಲಿಸುವ ಅಧಿಕಾರ ಅದು. ಕಳೆದ ಒಂದೂಕಾಲು ಶತಮಾನದಲ್ಲಿ ನಡೆದದ್ದು ಆ ಅಧಿಕಾರ ಹಂತಹಂತವಾಗಿ ಕುಗ್ಗಿ, ಅದರ ಜಾಗದಲ್ಲಿ ವ್ಯಕ್ತಿಯನ್ನೇ ಕೇಳಿ ತಿಳಿಯುವ ಹೊಣೆ ಬೆಳೆದದ್ದು. ಸಮಾಜ ಕಾರ್ಯಕರ್ತರು ಎಡವಿದ ಪ್ರಸಂಗಗಳನ್ನು ನೋಡಿದರೂ, ಅಲ್ಲಿ ಕೊರತೆಯಾದದ್ದು ಅಧಿಕಾರಕ್ಕಿಂತ ಹೆಚ್ಚಾಗಿ ಆ ವ್ಯಕ್ತಿಯ ಒಡನಾಟ ಎಂಬುದು ಈ ಲೇಖನದ ವಾದ.

ಈ ವೃತ್ತಿಯ ಆರಂಭವೇ ಸಂಶಯದಿಂದ ಆಯಿತು. 1834ರ ಬಡವರ ಕಾನೂನು, ದುಡಿಯಬಲ್ಲವರು ನೆರವು ಬೇಡಿದರೆ ವರ್ಕ್‌ಹೌಸಿನ ಬಾಗಿಲು ತೋರಿಸಬೇಕೆಂಬ ತತ್ತ್ವದ ಮೇಲೆ ನಿಂತಿತ್ತು. 1869ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಚಾರಿಟಿ ಆರ್ಗನೈಸೇಷನ್ ಸೊಸೈಟಿ, ದಾನವನ್ನು ವಿಚಾರಣೆ ಮಾಡಿಯೇ ಕೊಡಬೇಕೆಂದು ಹಟ ಹಿಡಿದ ಸಂಸ್ಥೆ. ಅದು 1895ರಲ್ಲಿ ಮೇರಿ ಸ್ಟೂವರ್ಟ್ ಅವರನ್ನು ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಗೆ ಕಳಿಸಿತು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯರಲ್ಲಿ ಮೊದಲಿಗರೆಂದು ಅವರನ್ನೇ ಗುರುತಿಸುತ್ತಾರೆ. ಅವರಿಗೆ ಒಪ್ಪಿಸಿದ ಕೆಲಸ ರೋಗಿಗಳನ್ನು ಕಾಪಾಡುವುದಾಗಿರಲಿಲ್ಲ. ಉಚಿತ ಚಿಕಿತ್ಸೆಗೆ ಬಂದವರಲ್ಲಿ ಹಣ ಕೊಡಬಲ್ಲವರು ಯಾರು, ಬಡವರ ಕಾನೂನಿನ ಅಧಿಕಾರಿಗಳ ಬಳಿಗೆ ಕಳಿಸಬೇಕಾದವರು ಯಾರು ಎಂದು ಬೇರ್ಪಡಿಸಬೇಕಿತ್ತು. ಆದರೆ ಆ ಪ್ರಶ್ನೆಗಳನ್ನು ಕೇಳಬೇಕಾದರೆ ರೋಗಿಯ ಮನೆ, ಕೂಲಿ, ಸಾಲ, ಗಂಡ, ಮಕ್ಕಳು ಎಲ್ಲದರ ಬಗ್ಗೆಯೂ ಮಾತಾಡಬೇಕಾಗುತ್ತದೆ. ವೈದ್ಯರು ಬರೆದುಕೊಟ್ಟ ಪಥ್ಯಕ್ಕೆ ಬೇಕಾದ ಹಾಲು, ಮಾಂಸ ಕೊಳ್ಳಲು ಮನೆಯಲ್ಲಿ ದುಡ್ಡೇ ಇಲ್ಲವೆಂಬುದು ಇಂಥ ಮಾತುಕತೆಯಲ್ಲೇ ಹೊರಬರುತ್ತಿತ್ತು. ತಡೆಯಲು ಕೂರಿಸಿದವರೇ ನೆರವು ಹುಡುಕಿಕೊಡುವವರಾದರು. ವಿಚಾರಣೆಯೆಂಬ ಒಂದೇ ಸಾಧನ ಅನುಮಾನಕ್ಕೂ ಆಸರೆಗೂ ಒದಗಿತು. ಮುಂದಿನ ಇತಿಹಾಸವನ್ನೆಲ್ಲ ಈ ಇಬ್ಬಂದಿಯೇ ನಡೆಸಿದೆ.

1948ರ ರಾಷ್ಟ್ರೀಯ ನೆರವು ಕಾಯ್ದೆಯ ಮೊದಲ ಕಲಮೇ ಬಡವರ ಕಾನೂನಿಗೆ ಮುಕ್ತಾಯ ಹಾಡಿತು. 21ನೇ ಕಲಮು ವೃದ್ಧರಿಗೆ ವಸತಿಗೃಹ ಒದಗಿಸುವ ಹೊಣೆಯನ್ನು ಸ್ಥಳೀಯ ಕೌನ್ಸಿಲ್‌ಗಳಿಗೆ ವಹಿಸಿತು, 29ನೆಯದು ಅಂಗವಿಕಲರ ಸೇವೆಗಳಿಗೆ ದಾರಿ ಮಾಡಿತು. ಇವೆರಡನ್ನೂ ಇತಿಹಾಸಕಾರರು ಹೊಗಳುತ್ತಾರೆ. 47ನೇ ಕಲಮಿನ ಬಗ್ಗೆ ಮಾತ್ರ ಮಾತು ಕಡಿಮೆ. ತೀವ್ರವಾದ ದೀರ್ಘಕಾಲದ ಕಾಯಿಲೆಯವರು, ಇಲ್ಲವೇ ಕೊಳಕಾದ ಸ್ಥಿತಿಯಲ್ಲಿ ಬದುಕುತ್ತಿರುವ ವೃದ್ಧರು, ದುರ್ಬಲರು ತಮ್ಮ ಆರೈಕೆ ತಾವು ಮಾಡಿಕೊಳ್ಳಲಾರದೆ, ಇತರರಿಂದಲೂ ಆರೈಕೆ ಸಿಗದೆ ಇದ್ದರೆ, ಅವರನ್ನು ಒತ್ತಾಯದಿಂದ ಆಸ್ಪತ್ರೆಗೋ ವಸತಿಗೃಹಕ್ಕೋ ಒಯ್ಯಬಹುದೆಂದು ಅದು ಹೇಳಿತು. ಆರೋಗ್ಯಾಧಿಕಾರಿ ಪ್ರಮಾಣಪತ್ರ ಕೊಡಬೇಕು, ಕೌನ್ಸಿಲ್ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು. ಒಂದು ಆದೇಶಕ್ಕೆ ಮೂರು ತಿಂಗಳವರೆಗೆ ಅವಧಿ, ಬೇಕಾದರೆ ಮುಂದುವರಿಕೆ. 1951ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತುರ್ತು ಸಂದರ್ಭವಾದರೆ ನೋಟಿಸು ಕೊಡದೆಯೇ ಮೂರು ವಾರಗಳವರೆಗೆ ಇರಿಸಿಕೊಳ್ಳಲು ಅವಕಾಶ ಕೊಟ್ಟಿತು. ಆ ವ್ಯಕ್ತಿಗೆ ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಇದೆಯೇ ಎಂಬ ಪ್ರಶ್ನೆ ಈ ಕಲಮಿನಲ್ಲಿ ಎಲ್ಲಿಯೂ ಇರಲಿಲ್ಲ. ಬುದ್ಧಿ ನೆಟ್ಟಗಿದ್ದು, ನನ್ನ ಮನೆಯಲ್ಲೇ ಸಾಯುತ್ತೇನೆ ಎನ್ನುವ ಮುದುಕಿಯನ್ನೂ ಇದರಡಿ ಎತ್ತಿಕೊಂಡು ಹೋಗಬಹುದಿತ್ತು. ಹಾಗೆ ಹೋದವರ ಸಾಮಾನುಗಳನ್ನು ಜೋಪಾನ ಮಾಡುವ ಕೆಲಸ 48ನೇ ಕಲಮಿನಂತೆ ಕೌನ್ಸಿಲ್‌ನದು. ಅಪಾಯದಲ್ಲಿರುವವರನ್ನು ಆ ಜಾಗದಿಂದ ಎತ್ತಿಬಿಟ್ಟರೆ ರಕ್ಷಣೆಯಾಯಿತು ಎಂಬ ನಂಬಿಕೆ ಈ ಕಲಮಿನ ಬೆನ್ನಿಗಿತ್ತು.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು, ಒಯ್ದು ಸೇರಿಸಿದ ಜಾಗಗಳ ಒಳಗೇನಿದೆ ಎಂಬುದು ಬಯಲಾದಾಗ. ಪೀಟರ್ ಟೌನ್‌ಸೆಂಡ್ 1962ರಲ್ಲಿ ಪ್ರಕಟಿಸಿದ ‘ದಿ ಲಾಸ್ಟ್ ರೆಫ್ಯೂಜ್’ ವೃದ್ಧರ ವಸತಿಗೃಹಗಳನ್ನು ಹೊಕ್ಕು ನೋಡಿ ಬರೆದ ಅಧ್ಯಯನ. ಹಳೆಯ ವರ್ಕ್‌ಹೌಸ್ ಕಟ್ಟಡಗಳಲ್ಲೇ ವೃದ್ಧರು ಇನ್ನೂ ದಿನ ನೂಕುತ್ತಿದ್ದುದನ್ನು ಅದು ದಾಖಲಿಸಿತು. 1967ರಲ್ಲಿ ಬಾರ್ಬರಾ ರಾಬ್ ‘ಸಾನ್ಸ್ ಎವೆರಿಥಿಂಗ್’ ಪುಸ್ತಕದಲ್ಲಿ ಆಸ್ಪತ್ರೆಯ ವೃದ್ಧರ ವಾರ್ಡುಗಳ ಕ್ರೌರ್ಯವನ್ನು ಹೊರಗೆಳೆದರು. ಕಾರ್ಡಿಫ್‌ನ ಈಲೀ ಆಸ್ಪತ್ರೆಯಲ್ಲಿ ರೋಗಿಗಳಿಗಾದ ಹಿಂಸೆಯ ವಿಚಾರಣಾ ವರದಿ 1969ರಲ್ಲಿ ಬಂತು. ಇದರ ಜೊತೆಜೊತೆಗೇ ವೃತ್ತಿಯೂ ಬೆಳೆಯಿತು. ಕೌನ್ಸಿಲ್‌ಗಳ ಸಮಾಜ ಕಾರ್ಯಕರ್ತರಿಗೆ ತರಬೇತಿ ಬೇಕೆಂದು ಐಲೀನ್ ಯಂಗ್‌ಹಸ್ಬೆಂಡ್ ಸಮಿತಿ 1959ರಲ್ಲಿ ಹೇಳಿತ್ತು. 1968ರ ಸೀಬೋಮ್ ವರದಿ, 1970ರ ಕಾಯ್ದೆಗಳಿಂದಾಗಿ ಚದುರಿದ್ದ ಸೇವೆಗಳೆಲ್ಲ ಒಂದೇ ಇಲಾಖೆಯಡಿ ಬಂದವು. ಒಂದೇ ಬಾಗಿಲು, ಇಡೀ ಕುಟುಂಬಕ್ಕೆ ಒಬ್ಬರೇ ಕಾರ್ಯಕರ್ತರು ಎಂಬ ಕನಸು ಅದು. ಆದರೆ ಮಕ್ಕಳ ಸಾವಿನ ಪ್ರಕರಣಗಳು ಪತ್ರಿಕೆಗಳ ಮುಖಪುಟಕ್ಕೆ ಬಂದಂತೆಲ್ಲ ಅನುಭವಿಗಳ ಸಮಯ ಅತ್ತ ಹರಿಯಿತು, ವೃದ್ಧರ ಕಡತಗಳು ತರಬೇತಿ ಇಲ್ಲದ ಸಹಾಯಕರ ಪಾಲಾದವು.

ಮನೆಯೊಳಗೇ ವೃದ್ಧರಿಗೆ ಏಟು ಬೀಳುತ್ತದೆ ಎಂಬುದನ್ನು 1975ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಎ.ಎ. ಬೇಕರ್ ಮತ್ತು ಜಿ.ಆರ್. ಬರ್ಸ್ಟನ್ ಬರೆದು ತೋರಿಸಿದರು. ಸರ್ಕಾರ ಅದಕ್ಕೆ ಕಿವಿಗೊಟ್ಟು, ಮನೆಗಳಲ್ಲಿ ವೃದ್ಧರ ರಕ್ಷಣೆ ಕುರಿತು ‘ನೋ ಲಾಂಗರ್ ಅಫ್ರೇಡ್’ ಮಾರ್ಗದರ್ಶಿ ಹೊರತಂದದ್ದು 1993ರಲ್ಲಿ. ನಡುವೆ ಕಳೆದದ್ದು ಹದಿನೆಂಟು ವರ್ಷ. ದುರದೃಷ್ಟವೆಂದರೆ ಅದೇ 1993ರ ಏಪ್ರಿಲ್‌ನಲ್ಲಿ, 1990ರ ಕಾಯ್ದೆಯಂತೆ, ಆರೈಕೆಯ ಹೊಸ ಪದ್ಧತಿಯೂ ಪೂರ್ತಿಯಾಗಿ ಜಾರಿಗೆ ಬಂತು. 1988ರ ಗ್ರಿಫಿತ್ಸ್ ವರದಿಯ ಆಶಯದಂತೆ ಸಮಾಜ ಕಾರ್ಯಕರ್ತರು ‘ಕೇರ್ ಮ್ಯಾನೇಜರ್’ಗಳಾದರು. ಅಗತ್ಯ ಅಳೆಯುವುದು, ಬಜೆಟ್ಟಿಗೆ ಹೊಂದುವ ಸೇವೆಯನ್ನು ಖಾಸಗಿ ಸಂಸ್ಥೆಗಳಿಂದ ಕೊಳ್ಳುವುದು, ವ್ಯವಸ್ಥೆ ಕುದುರಿದ ಮೇಲೆ ಕಡತ ಮುಚ್ಚುವುದು. ಭೇಟಿಗಳು ಮುಂದುವರಿಯುವಷ್ಟು ಕಾಲ ಕಡತ ತೆರೆದಿರಲಿಲ್ಲ. ಮನೆಯೊಳಗಿನ ದೌರ್ಜನ್ಯವನ್ನು ಗುರುತಿಸಿ ಎಂದು ಹೇಳಿದ ವರ್ಷದಲ್ಲೇ ಮನೆಯೊಳಗಿನವರನ್ನು ಬಲ್ಲವರಾಗುವ ಅವಕಾಶವನ್ನು ಕಿತ್ತುಕೊಂಡದ್ದು, ನನ್ನ ದೃಷ್ಟಿಯಲ್ಲಿ, ಈ ಇತಿಹಾಸದ ಅತಿ ದುಬಾರಿ ತಪ್ಪು.

ಅದರ ಬೆಲೆ ಎಷ್ಟೆಂಬುದನ್ನು ಕಾರ್ನ್‌ವಾಲ್‌ನ ಒಂದು ಪ್ರಕರಣ ತೋರಿಸಿತು. ಒಂಟಿಯಾಗಿ ವಾಸವಿದ್ದ ಬುದ್ಧಿಮಾಂದ್ಯ ವ್ಯಕ್ತಿಯೊಬ್ಬರ ಮನೆಗೆ ಕೆಲವರು ಬಂದು ಸೇರಿಕೊಂಡರು, ಅವರ ಹಣ ಕಸಿದರು, ಹಿಂಸಿಸಿದರು, 2006ರಲ್ಲಿ ಕೊಂದೇಬಿಟ್ಟರು. ಅದಕ್ಕೂ ಹಿಂದಿನ ವರ್ಷ ಆ ವ್ಯಕ್ತಿ ಕೌನ್ಸಿಲ್‌ನ ನೆರವು ತನಗೆ ಬೇಡ ಎಂದಿದ್ದರು, ಇಲಾಖೆ ಅದನ್ನು ಅವರ ಆಯ್ಕೆಯೆಂದು ಒಪ್ಪಿ ಕಡತ ಮುಚ್ಚಿತ್ತು. ಬೇಡವೆಂದದ್ದು ಏಕೆ, ಹೇಳುವಾಗ ಪಕ್ಕದಲ್ಲಿ ಯಾರಿದ್ದರು, ಅದು ಅವರದೇ ಮಾತಾಗಿತ್ತೇ ಎಂದು ಯಾರೂ ವಿಚಾರಿಸಲಿಲ್ಲ. ಪೊಲೀಸರು, ಆಸ್ಪತ್ರೆ, ವಸತಿ ಸಂಸ್ಥೆ ಎಲ್ಲರಿಗೂ ಅವರ ಸಂಪರ್ಕ ಬಂದಿತ್ತು, ಆದರೆ ಒಬ್ಬರ ಬಳಿ ಇದ್ದ ಮಾಹಿತಿ ಇನ್ನೊಬ್ಬರಿಗೆ ತಲುಪಲಿಲ್ಲ. 2007ರಲ್ಲಿ ಬಂದ ಪರಿಶೀಲನಾ ವರದಿ ಇದನ್ನೆಲ್ಲ ಪೋಣಿಸಿ ತೋರಿಸಿತು. ಅದೇ ವರ್ಷ ಜಾರಿಗೆ ಬಂದ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆ, ಬೇರೆ ರೀತಿ ರುಜುವಾತಾಗುವವರೆಗೆ ಪ್ರತಿಯೊಬ್ಬ ವಯಸ್ಕರಿಗೂ ತೀರ್ಮಾನಿಸುವ ಸಾಮರ್ಥ್ಯ ಇದೆಯೆಂದೇ ಭಾವಿಸಬೇಕು, ಅವಿವೇಕದ ತೀರ್ಮಾನ ಮಾಡಿದ ಮಾತ್ರಕ್ಕೆ ಸಾಮರ್ಥ್ಯವಿಲ್ಲ ಎನ್ನಬಾರದು ಎಂದು ಹೇಳಿತು. ಸಾಮರ್ಥ್ಯವಿದ್ದೂ ಬೆದರಿಕೆಗೆ ಸಿಕ್ಕಿ ಬೇಡವೆನ್ನುವವರ ವಿಷಯದಲ್ಲಿ ಹೈಕೋರ್ಟು ತನ್ನ ಅಂತರ್ಗತ ಅಧಿಕಾರ ಬಳಸಬಹುದೆಂದು ಮೇಲ್ಮನವಿ ನ್ಯಾಯಾಲಯ 2012ರಲ್ಲಿ ದೃಢಪಡಿಸಿತು. ಆದರೆ ಬೆದರಿಕೆ ಇದೆಯೆಂದು ಮೊದಲು ಯಾರಿಗಾದರೂ ಗೊತ್ತಾಗಬೇಕಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು: ಸುಧಾರಣೆಗಳನ್ನು ತಂದದ್ದು ಹಗರಣಗಳೇ ಅಲ್ಲವೇ? 2011ರ ಮೇ ತಿಂಗಳಲ್ಲಿ ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯ ರೋಗಿಗಳಿಗೆ ಸಿಬ್ಬಂದಿ ಕೊಡುತ್ತಿದ್ದ ಹಿಂಸೆಯನ್ನು ಗುಪ್ತ ಕ್ಯಾಮೆರಾದಲ್ಲಿ ತೋರಿಸಿತು. 11 ಮಂದಿಗೆ ಶಿಕ್ಷೆಯಾಯಿತು, ಅವರಲ್ಲಿ 6 ಮಂದಿ ಜೈಲಿಗೆ ಹೋದರು. ಮೂರು ವರ್ಷಕ್ಕೆ ಹೊಸ ಕಾಯ್ದೆ ಬಂತು ಎಂಬುದೂ ನಿಜ. ಆದರೆ ಹಗರಣ ಕಾನೂನಿಗೆ ಅವಸರ ತರಬಲ್ಲದು, ಅದರ ಒಳತಿರುಳನ್ನು ಕೊಡಲಾರದು. ಆ ಆಸ್ಪತ್ರೆಯ ಬಗ್ಗೆ ಕೌನ್ಸಿಲ್‌ಗೂ ಪೊಲೀಸರಿಗೂ ಮೊದಲೇ ದೂರುಗಳು ಹೋಗಿದ್ದವು. ಪ್ರತಿಯೊಂದನ್ನೂ ಬಿಡಿ ಘಟನೆಯಾಗಿ ನೋಡಿದ್ದರಿಂದ ಒಟ್ಟು ಚಿತ್ರ ಯಾರಿಗೂ ಕಾಣಲಿಲ್ಲ. ರೋಗಿಗಳಲ್ಲಿ ಅನೇಕರನ್ನು ದೂರದ ಊರುಗಳಿಂದ ಕಳಿಸಲಾಗಿತ್ತು, ಕಳಿಸಿದ ಊರಿನವರಿಗೂ ಅವರಿಗೂ ನಂಟು ತೆಳುವಾಗಿತ್ತು. ಇಲ್ಲಿಯೂ ಕಂಡದ್ದು ಒಡನಾಟದ ಅಭಾವವೇ. ಮೇಲಾಗಿ ಹಗರಣದ ಕಣ್ಣಿನಿಂದ ನೋಡಿದರೆ ದೌರ್ಜನ್ಯವೆಲ್ಲ ಸಂಸ್ಥೆಗಳ ಗೋಡೆಯೊಳಗೇ ಇದೆ ಎನಿಸುತ್ತದೆ. ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ 2022–23ರಲ್ಲಿ ಬಂದ 5,80,000ಕ್ಕೂ ಹೆಚ್ಚು ದೂರು ಸೂಚನೆಗಳ ಅಂಕಿಅಂಶ ಬೇರೆಯದನ್ನೇ ಹೇಳುತ್ತದೆ. ವಿಚಾರಣೆಗೆ ಬಂದ ಪ್ರಕರಣಗಳಲ್ಲಿ ಅಪಾಯದ ಸ್ಥಳವಾಗಿ ಅತಿ ಹೆಚ್ಚು ದಾಖಲಾಗುವುದು ಸ್ವಂತ ಮನೆ, ಬಗೆಗಳಲ್ಲಿ ಅತಿ ಹೆಚ್ಚಿನದು ನಿರ್ಲಕ್ಷ್ಯ.

2014ರ ಆರೈಕೆ ಕಾಯ್ದೆ 2015ರ ಏಪ್ರಿಲ್ 1ರಂದು ಜಾರಿಗೆ ಬಂತು. ಆರೈಕೆಯ ಅಗತ್ಯವಿರುವ ವಯಸ್ಕರೊಬ್ಬರು ದೌರ್ಜನ್ಯ ಅಥವಾ ನಿರ್ಲಕ್ಷ್ಯಕ್ಕೆ ಒಳಗಾಗಿದ್ದಾರೆ ಅಥವಾ ಒಳಗಾಗುವ ಅಪಾಯದಲ್ಲಿದ್ದಾರೆ, ಆ ಅಗತ್ಯದ ಕಾರಣದಿಂದಲೇ ತಮ್ಮನ್ನು ತಾವು ಕಾಪಾಡಿಕೊಳ್ಳಲಾರರು ಎಂದು ಅನುಮಾನಿಸಲು ಕಾರಣವಿದ್ದರೆ, ಕೌನ್ಸಿಲ್ ವಿಚಾರಣೆ ಮಾಡಲೇಬೇಕು ಅಥವಾ ಮಾಡಿಸಲೇಬೇಕು ಎನ್ನುತ್ತದೆ ಅದರ 42ನೇ ಕಲಮು. ಮಾರ್ಗಸೂಚಿಯಾಗಿದ್ದದ್ದು ಇಲ್ಲಿ ಕಾನೂನಿನ ಕಡ್ಡಾಯ ಹೊಣೆಯಾಯಿತು. ಜಟಿಲ ಪ್ರಕರಣಗಳಲ್ಲಿ ಸಮಾಜ ಕಾರ್ಯಕರ್ತರ ಕೈ ಇರಬೇಕೆಂದು ಜೊತೆಗಿನ ಮಾರ್ಗಸೂಚಿ ಹೇಳುತ್ತದೆ. ಹೆಚ್ಚಿನವರು ಗಮನಿಸದ ಕಲಮು 46ನೆಯದು: 1948ರ 47ನೇ ಕಲಮಿನ ಕರೆದೊಯ್ಯುವ ಅಧಿಕಾರವನ್ನು ಅದು ಅಳಿಸಿಹಾಕಿತು. ತನ್ನನ್ನು ತಾನೇ ನಿರ್ಲಕ್ಷಿಸಿ ಕೊಳೆಯ ನಡುವೆ ಬದುಕುವುದೂ ಈಗ ರಕ್ಷಣೆಯ ವಿಷಯವೆಂದು ಮಾರ್ಗಸೂಚಿಯಲ್ಲೇ ಬರೆದಿದೆ. ಯಾವ ಸ್ಥಿತಿ ಕಂಡಾಗ ಅಂದು ಮ್ಯಾಜಿಸ್ಟ್ರೇಟರ ಆದೇಶ ತಂದು ಎತ್ತಿಕೊಂಡು ಹೋಗುತ್ತಿದ್ದರೋ, ಅದೇ ಸ್ಥಿತಿ ಕಂಡಾಗ ಇಂದು ಎದುರು ಕೂತು ನಿಮಗೇನು ಬೇಕು ಎಂದು ಕೇಳಬೇಕು, ಮತ್ತೆ ಬರಬೇಕು, ನಂಬಿಕೆ ಹುಟ್ಟಿಸಬೇಕು.

ಕಟುವಾದ ಇನ್ನೊಂದು ಆಕ್ಷೇಪಣೆಯಿದೆ. ವ್ಯಕ್ತಿಯ ಆಯ್ಕೆ, ಸ್ವಾತಂತ್ರ್ಯ ಎಂಬ ಮಾತುಗಳು ಖರ್ಚು ಉಳಿಸುವ ಕೌನ್ಸಿಲ್‌ಗಳಿಗೆ ಒಳ್ಳೆಯ ನೆಪವಾಗುತ್ತವೆ, ಬೇಡವೆಂದರು ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ ಎಂಬುದು. ಇದನ್ನು ತಳ್ಳಿಹಾಕುವಂತಿಲ್ಲ, ಕಾರ್ನ್‌ವಾಲ್‌ನಲ್ಲಿ ಆದದ್ದು ಇದೇ. ಆದರೆ ನೆಪವಾಗಿ ಬಳಕೆಯಾದದ್ದು ತತ್ತ್ವವಲ್ಲ, ಅದರ ಅರ್ಧಭಾಗ ಮಾತ್ರ. ಆಯ್ಕೆಯನ್ನು ಗೌರವಿಸುವುದೆಂದರೆ ಅದು ಯಾರ ಆಯ್ಕೆ ಎಂದು ತಿಳಿಯುವುದೂ ಹೌದು. ಅದಕ್ಕೆ ಒಂದು ಭೇಟಿ ಸಾಲದು, ಒಬ್ಬರೇ ಸಿಗುವ ಗಳಿಗೆ ಬೇಕು, ಮಾತು ಬಾರದವರ ಪರವಾಗಿ ನಿಲ್ಲುವ ವಕಾಲತ್ತುದಾರರು ಬೇಕು. ಅವರನ್ನು ನೇಮಿಸುವ ಹೊಣೆಯನ್ನೂ 2014ರ ಕಾಯ್ದೆ ಹೇಳಿದೆ. ಇದೆಲ್ಲಕ್ಕೂ ಕಾರ್ಯಕರ್ತರ ಸಮಯವೇ ಬಂಡವಾಳ. ಆ ಸಮಯಕ್ಕೆ ಎಂಥ ಒತ್ತಡವಿದೆ ಎಂಬುದಕ್ಕೆ ಸ್ವಾತಂತ್ರ್ಯ ನಿರ್ಬಂಧದ ಅರ್ಜಿಗಳೇ, ಅಂದರೆ ಸಮ್ಮತಿಸುವ ಸಾಮರ್ಥ್ಯವಿಲ್ಲದವರನ್ನು ಆಸ್ಪತ್ರೆಯಲ್ಲೋ ವಸತಿಗೃಹದಲ್ಲೋ ನಿರ್ಬಂಧದಲ್ಲಿಡಲು ಕೌನ್ಸಿಲ್‌ನ ಅನುಮತಿ ಕೋರುವ ಅರ್ಜಿಗಳೇ, ಸಾಕ್ಷಿ. 2014ರಲ್ಲಿ ಸುಪ್ರೀಂ ಕೋರ್ಟು ನಿರ್ಬಂಧದ ವ್ಯಾಖ್ಯೆಯನ್ನು ಹಿಗ್ಗಿಸಿದಾಗ, ವರ್ಷಕ್ಕೆ ಸುಮಾರು 13,700 ಇದ್ದ ಅರ್ಜಿಗಳು 2014–15ರಲ್ಲಿ 1,37,000 ದಾಟಿದವು. ಪರಿಶೀಲಿಸುವವರ ಸಂಖ್ಯೆ ಹತ್ತು ಪಟ್ಟು ಬೆಳೆಯಲಿಲ್ಲ.

ಹಾಗಾದರೆ ಹಳೆಯ ಅಧಿಕಾರವನ್ನೇ ಮರಳಿ ಕೊಡಬೇಕೇ? ಸ್ಕಾಟ್ಲೆಂಡ್ 2007ರ ಕಾಯ್ದೆಯಲ್ಲಿ ಮನೆ ಪ್ರವೇಶಿಸುವ, ಏಳು ದಿನಗಳವರೆಗೆ ಬೇರೆಡೆಗೆ ಒಯ್ಯುವ, ದೌರ್ಜನ್ಯ ಮಾಡುವವರನ್ನು ಮನೆಯಿಂದ ದೂರವಿಡುವ ಆದೇಶಗಳನ್ನು ಇಟ್ಟಿತು. ಅಲ್ಲಿನ ಬಳಕೆ ಪಾಠ ಕಲಿಸುವಂತಿದೆ. ಹೆಚ್ಚಾಗಿ ಬಳಕೆಯಾದದ್ದು ತಪ್ಪಿತಸ್ಥರನ್ನು ದೂರವಿಡುವ ಆದೇಶ, ನೊಂದವರನ್ನು ಒಯ್ಯುವ ಆದೇಶ ಅಪರೂಪ. ವೇಲ್ಸ್ 2014ರ ತನ್ನ ಕಾಯ್ದೆಯ 127ನೇ ಕಲಮಿನಲ್ಲಿ ಇನ್ನೂ ಸೂಕ್ಷ್ಮವಾದ ದಾರಿ ಹಿಡಿಯಿತು. ಮ್ಯಾಜಿಸ್ಟ್ರೇಟರ ಆದೇಶ ಪಡೆದು ಅಧಿಕಾರಿ ಮನೆಯೊಳಗೆ ಹೋಗಬಹುದು, ಆ ವ್ಯಕ್ತಿಯೊಡನೆ ಏಕಾಂತದಲ್ಲಿ ಮಾತಾಡಬಹುದು, ಅವರು ಸ್ವಇಚ್ಛೆಯಿಂದ ತೀರ್ಮಾನಿಸುತ್ತಿದ್ದಾರೆಯೇ ಎಂದು ತಿಳಿಯಬಹುದು. ಕರೆದೊಯ್ಯುವಂತಿಲ್ಲ. ಇದು ಕೇಳಿ ತಿಳಿಯುವ ಹೊಣೆಯನ್ನು ನೆರವೇರಿಸಲು ಬೇಕಾದಷ್ಟೇ ಅಧಿಕಾರ, ಅದಕ್ಕಿಂತ ಹೆಚ್ಚಿಲ್ಲ. ಬಾಗಿಲಲ್ಲೇ ಮಗನೋ ‘ಸ್ನೇಹಿತ’ನೋ ತಡೆದು ನಿಂತಾಗ ಇಂಗ್ಲೆಂಡಿನ ಸಮಾಜ ಕಾರ್ಯಕರ್ತೆಗೆ ಇಂಥ ಸರಳ ದಾರಿಯಿಲ್ಲ. ಪೊಲೀಸರ ನೆರವಿಗೋ ಹೈಕೋರ್ಟಿಗೋ ಹೋಗಬೇಕು. ಮನೆಯೊಳಗೆ ಹೋಗುವ ಇಂಥ ಅಧಿಕಾರ ಬೇಕೇ ಎಂದು ಇಂಗ್ಲೆಂಡಿನ ಸರ್ಕಾರ 2012ರಲ್ಲಿ ಅಭಿಪ್ರಾಯ ಕೇಳಿತು. ವೃತ್ತಿಯಲ್ಲಿರುವವರಲ್ಲಿ ಹೆಚ್ಚಿನವರು ಬೇಕೆಂದರು, ಉತ್ತರಿಸಿದ ಸಾರ್ವಜನಿಕರಲ್ಲಿ ಹೆಚ್ಚಿನವರು ಮನೆಯೊಳಗೆ ಸರ್ಕಾರ ನುಗ್ಗುವುದು ಬೇಡವೆಂದರು, ಸರ್ಕಾರ ಕೈಬಿಟ್ಟಿತು. 1948ರ ಕಲಮನ್ನು ನೆನೆದರೆ ಆ ಅಂಜಿಕೆ ಸಹಜವೇ. ಆದರೆ ಏಕಾಂತದಲ್ಲಿ ಮಾತಾಡುವ ಅಧಿಕಾರವೂ ಎತ್ತಿಕೊಂಡು ಹೋಗುವ ಅಧಿಕಾರವೂ ಒಂದೇ ಅಲ್ಲ. ವೇಲ್ಸಿನ 127ನೇ ಕಲಮನ್ನು ಇಂಗ್ಲೆಂಡ್ ಕೂಡ ತನ್ನ ಕಾಯ್ದೆಗೆ ಸೇರಿಸಿಕೊಳ್ಳಬೇಕು.