ತೊಲೆಯ ಮೇಲೆ ಮೊದಲು ಹೋಗುವವನು

ಗೋಡೆ ಕಟ್ಟುವ ಗೌಂಡಿಯ ಕಾಲಕೆಳಗೆ ಸಾರವೆಯುಂಟು. ಗೋಡೆ ಏರಿದಂತೆ ಅದೂ ಏರುತ್ತದೆ. ಉಕ್ಕಿನ ಚೌಕಟ್ಟು ನಿಲ್ಲಿಸುವವನಿಗೆ ಆ ಅನುಕೂಲವಿಲ್ಲ. ಕ್ರೇನು ಎತ್ತಿ ತಂದ ತೊಲೆಗೆ ಬೋಲ್ಟು ಬಿಗಿಯಲು ಮೊದಲು ಹೋಗುವವನಿಗೆ, ತಾನು ಕಟ್ಟುತ್ತಿರುವ ಆ ಉಕ್ಕೇ ಆಸರೆ.

ನಮ್ಮ ಮನಗೂಳಿಯ ಸೀಮೆಯಲ್ಲಿ ಇಂತಹ ಕೆಲಸ ಬೃಹತ್ತಾಗಿ ನಡೆದದ್ದು ಕೂಡಗಿಯ ಉಷ್ಣವಿದ್ಯುತ್ ಸ್ಥಾವರದಲ್ಲಿ. ತಲಾ 800 ಮೆಗಾವ್ಯಾಟಿನ ಮೂರು ಘಟಕಗಳು 2016ರಿಂದ 2018ರ ಅವಧಿಯಲ್ಲಿ ಸಿದ್ಧವಾದವು. ಅಷ್ಟು ದೊಡ್ಡ ಬಾಯ್ಲರು ನೆಲದ ಮೇಲೆ ಕುಳಿತಿರುವುದಿಲ್ಲ. ಚೌಕಟ್ಟಿನ ನೆತ್ತಿಯ ತೊಲೆಗಳಿಂದ ತೂಗುತ್ತಿರುತ್ತದೆ. ಆದ್ದರಿಂದ ಮೊದಲು ಚೌಕಟ್ಟು ಮುಗಿಲಿಗೇರಬೇಕು. ಸ್ಥಾವರದ ಭೂಮಿ, ನೀರು, ಬೂದಿಗಳ ಬಗೆಗೆ ನಮ್ಮಲ್ಲಿ ಬೇಕಾದಷ್ಟು ಚರ್ಚೆಯಾಯಿತು, ಆಗಬೇಕಾದದ್ದೇ. ಆ ತೊಲೆಗಳ ಮೇಲೆ ನಡೆದವರ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ.

ಅಂಥವರ ರಕ್ಷಣೆಯ ಇತಿಹಾಸದಲ್ಲಿ ಅಮೆರಿಕದ ಗೋಲ್ಡನ್ ಗೇಟ್ ಸೇತುವೆಗೆ ವಿಶೇಷ ಸ್ಥಾನವಿದೆ. ಆ ಕಾಲಕ್ಕೆ ಅಲ್ಲಿ, ಹತ್ತು ಲಕ್ಷ ಡಾಲರಿನ ಕಾಮಗಾರಿಗೆ ಒಂದು ಸಾವು ಎಂಬ ಲೆಕ್ಕ ರೂಢಿಯಲ್ಲಿತ್ತು. (ಸಿಮೆಂಟು, ಉಕ್ಕಿನ ಸಾಲಿನಲ್ಲಿ ಮನುಷ್ಯನನ್ನೂ ಬರೆದುಬಿಟ್ಟಿದ್ದರು!) 1933ರಲ್ಲಿ ಕೆಲಸ ಆರಂಭಿಸಿದ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಈ ಲೆಕ್ಕವನ್ನು ಒಪ್ಪದೆ, ಸೇತುವೆಯ ಅಡಿಗೆ ಉದ್ದಕ್ಕೂ ಹಗ್ಗದ ಬಲೆ ಹಾಸಿಸಿದರು. ಹತ್ತೊಂಬತ್ತು ಮಂದಿ ಅದರಲ್ಲಿ ಬಿದ್ದು ಬದುಕಿದರು. ಆದರೆ 1937ರ ಫೆಬ್ರುವರಿ 17ರಂದು ಕೆಲಸಗಾರರಿದ್ದ ಅಟ್ಟಣೆಯೇ ಕಳಚಿ ಬಲೆಯನ್ನು ಹರಿದುಕೊಂಡು ಹೋಯಿತು. ಹತ್ತು ಜನ ಸತ್ತರು. ಮನುಷ್ಯನ ತೂಕಕ್ಕೆಂದು ಹೆಣೆದ ಬಲೆ ಟನ್ನುಗಟ್ಟಲೆ ಭಾರವನ್ನು ತಡೆಯುವುದೆಂತು?

ನಮ್ಮ ದೇಶದಲ್ಲಿ ಉಕ್ಕಿನ ರಚನೆಗಳನ್ನು ನಿಲ್ಲಿಸುವಾಗಿನ ಸುರಕ್ಷತೆಗೆಂದೇ 1974ರಲ್ಲಿ ಭಾರತೀಯ ಮಾನಕ 7205 ಬಂದಿತು. ಕಟ್ಟಡ ಕಾರ್ಮಿಕರ ಕಾಯ್ದೆಗೆ 1996ರವರೆಗೆ, ಅದರ ಕೇಂದ್ರ ನಿಯಮಗಳಿಗೆ 1998ರವರೆಗೆ ಕಾಯಬೇಕಾಯಿತು.

ಮೊದಲು ಬಳಕೆಯಲ್ಲಿದ್ದದ್ದು ಸೊಂಟದ ಪಟ್ಟಿ. ಬೀಳುವವನು ಒಂದೇ ಸೆಕೆಂಡಿನಲ್ಲಿ ಸುಮಾರು ಐದು ಮೀಟರು ಇಳಿಯುತ್ತಾನೆ. ಆ ವೇಗದ ಜಗ್ಗು ಸೊಂಟವೊಂದರ ಮೇಲೆಯೇ ಬಿದ್ದರೆ, ಹಗ್ಗ ಉಳಿದರೂ ಬೆನ್ನೆಲುಬು, ಹೊಟ್ಟೆ ಉಳಿಯುವ ಭರವಸೆಯಿಲ್ಲ. ತೊಡೆ, ಎದೆ, ಭುಜಗಳಿಗೆ ಭಾರ ಹಂಚುವ ಪೂರ್ಣದೇಹದ ಪಟ್ಟಿ ಬಂದದ್ದು ಈ ಕಾರಣಕ್ಕೆ. ಒಂದು ಕೊಂಡಿ ಬಿಚ್ಚಿ ಮುಂದೆ ಹಾಕುವ ಕ್ಷಣದಲ್ಲೂ ಇನ್ನೊಂದು ಹಿಡಿದಿರಲೆಂದು ಎರಡು ಕೊಂಡಿಗಳು ಬಂದವು.

ಆದರೂ ಮೊದಲು ಹೋಗುವವನು ಕೊಂಡಿಯನ್ನು ಸಿಕ್ಕಿಸುವುದು ಯಾವುದಕ್ಕೆ? ಇದಕ್ಕೆ ಉತ್ತರ ಸಿದ್ಧವಾಗಬೇಕಾದದ್ದು ಮೇಲಲ್ಲ, ನೆಲದಲ್ಲಿ. ತೊಲೆ ಇನ್ನೂ ಕೆಳಗಿರುವಾಗಲೇ ಅದಕ್ಕೆ ಬಳೆ ಬೆಸೆದು, ಉದ್ದಕ್ಕೂ ತಂತಿಹಗ್ಗ ಬಿಗಿದು, ಅನಂತರ ಕ್ರೇನಿಗೆ ಒಪ್ಪಿಸಬೇಕು. ನಕ್ಷೆ ಬರೆಯುವವನು ಆ ಬಳೆಯನ್ನು ಗುರುತಿಸದಿದ್ದರೆ, ಮೇಲೆ ಹೋದವನ ಮೈಮೇಲೆ ಪಟ್ಟಿಯೇನೋ ಇರುತ್ತದೆ. ಕೊಂಡಿ ಬೆನ್ನಹಿಂದೆ ಜೋತಾಡುತ್ತಿರುತ್ತದೆ.